ಬಾಣಂತಿಯ ಬಗಲಲ್ಲಿ ಕೂಸಿಗೊಂದು ಜಾಗ

ಅರಸ ಸೊಲೊಮೋನನ ನ್ಯಾಯತೀರ್ಪಿನ ಕಥೆಯನ್ನು ನಾವೆಲ್ಲರೂ ಧರ್ಮೋಪದೇಶದ ತರಗತಿಯಲ್ಲಿ ಕೇಳಿದವರೇ. ಒಂದು ಕೂಸಿಗಾಗಿ ಇಬ್ಬರು ಹೆಂಗಸರು ವಾದಿಸಿದ್ದು, ಅರಸ ಕತ್ತಿ ತರಿಸಿದ್ದು, ಹೆತ್ತ ಕರುಳು ಮಿಡಿದದ್ದು ನೆನಪಿನಲ್ಲಿ ಉಳಿದಿರುತ್ತದೆ. ಆದರೆ ಆ ವಾದ ಹುಟ್ಟಿದ್ದೇ ಒಂದು ರಾತ್ರಿಯ ಅನಾಹುತದಿಂದ ಎಂಬುದನ್ನು ಎಷ್ಟು ಜನ ಗಮನಿಸಿದ್ದೇವೆ? ಅರಸುಗಳ ಮೊದಲನೆಯ ಗ್ರಂಥದ 3ನೇ ಅಧ್ಯಾಯವನ್ನು ಇನ್ನೊಮ್ಮೆ ತೆರೆದು ನೋಡಿರಿ. ಒಬ್ಬಾಕೆ ನಿದ್ರೆಯಲ್ಲಿ ತನ್ನ ಕೂಸಿನ ಮೇಲೆ ಮಗ್ಗುಲಾದದ್ದರಿಂದ ಅದು ಸತ್ತುಹೋಯಿತು. ಮೂರು ದಿನದ ಅಂತರದಲ್ಲಿ ಹೆತ್ತ ಇಬ್ಬರು ಬಾಣಂತಿಯರು, ಒಂದೇ ಮನೆ, ಸಹಾಯಕ್ಕೆ ಯಾರೂ ಇಲ್ಲ. ದಣಿದ ತಾಯಿಯ ನಿದ್ರೆ ಎಷ್ಟು ಭಾರವಾದದ್ದು ಎಂಬುದು ಪವಿತ್ರ ಗ್ರಂಥ ಬರೆದವರಿಗೂ ಗೊತ್ತಿತ್ತು.

ಈ ವಾರ ನಾವು ಯೋಚಿಸಬೇಕಾದ ವಿಷಯ ಇದೇ. ಹೊಸದಾಗಿ ಹುಟ್ಟಿದ ಕೂಸನ್ನು ರಾತ್ರಿ ಎಲ್ಲಿ ಮಲಗಿಸಬೇಕು? ಜ್ಞಾನಸ್ನಾನಕ್ಕೆ ಬಿಳಿ ಅಂಗಿ ಯಾವುದು, ಯಾರನ್ನು ಕರೆಯಬೇಕು ಎಂದು ತಿಂಗಳುಗಟ್ಟಲೆ ಮಾತನಾಡುವ ಮನೆಗಳಲ್ಲಿ ಈ ಪ್ರಶ್ನೆಯನ್ನು ಅರ್ಧ ಗಂಟೆಯೂ ಮಾತನಾಡುವುದಿಲ್ಲ.

ನಮ್ಮ ವಿಜಯಪುರದ ಕಡೆ ಬಾಣಂತನ ತವರುಮನೆಯಲ್ಲಿ. ಟಿಕೋಟಾ ಅಥವಾ ಬಬಲೇಶ್ವರದ ಕಡೆಯ ತೋಟದ ಮನೆಯಾದರೆ ಒಂದು ಪಡಸಾಲೆ, ಒಂದು ಒಳಕೋಣೆ. ಆ ಒಳಕೋಣೆಯಲ್ಲಿ ಹೊರಸು, ಹೊರಸಿನ ಮೇಲೆ ಬಾಣಂತಿ, ಬಗಲಲ್ಲಿ ಕೂಸು. ಈಗಿನ ಮಗಳು ಆಸ್ಪತ್ರೆಯಲ್ಲಿ ನರ್ಸಮ್ಮ ಹೇಳಿದ್ದನ್ನು ಕೇಳಿಕೊಂಡು ಬಂದಿರುತ್ತಾಳೆ.

"ಯವ್ವಾ, ಕೂಸಿಗೆ ಬ್ಯಾರೆ ಹಾಸಿಗಿ ಹಾಕಂತ ಹೇಳ್ಯಾರ" ಎನ್ನುತ್ತಾಳೆ ಮಗಳು.

"ಬ್ಯಾರೆ ಯಾಕವ್ವ? ತಾಯಿ ಮೈಕಾವು ಬ್ಯಾಡೇನು? ನಾ ಐದು ಮಂದೀನ ಬಗಲಾಗ ಹಾಕ್ಕೊಂಡ ಬೆಳಿಸೀನಿ" ಎನ್ನುತ್ತಾಳೆ ತಾಯಿ.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಕೂಸಿಗೆ ತಾಯಿಯ ಸಾಮೀಪ್ಯ ಬೇಕೇ ಬೇಕು. ಕೂಸನ್ನು ಬೇರೆ ಕೋಣೆಯಲ್ಲಿ ಒಂದೇ ಮಲಗಿಸುವ ಪದ್ಧತಿಯನ್ನು ಇಂದು ಪಾಶ್ಚಾತ್ಯ ವೈದ್ಯರೇ ಬೇಡವೆನ್ನುತ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘವು 2022ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಕನಿಷ್ಠ ಮೊದಲ ಆರು ತಿಂಗಳು ಕೂಸು ತಾಯಿಯ ಕೋಣೆಯಲ್ಲೇ, ತಾಯಿಯ ಹಾಸಿಗೆಯ ಹತ್ತಿರದಲ್ಲೇ ಮಲಗಬೇಕು. ಆದರೆ ಅದು ಮಲಗುವ ಹಾಸು ಮಾತ್ರ ಅದರದೇ ಆಗಿರಬೇಕು. ಅಂದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮಗ್ಗುಲಾದರೆ ಮೇಲೆ ಬೀಳದಷ್ಟು ದೂರ. ಅಜ್ಜಿಯೂ ಮಗಳೂ ಒಪ್ಪಬಹುದಾದ ಮಾತು ಇದು.

ಇದು ಹೊಸ ಕಾಲದ ಹೊಸ ಚಿಂತೆಯೆಂದು ತಿಳಿಯಬೇಡಿರಿ. ಸುಮಾರು ಮುನ್ನೂರು ವರ್ಷಗಳ ಹಿಂದೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಕೂಸಿನ ಸುತ್ತ ಇಡುವ ಮರದ ಚೌಕಟ್ಟೊಂದಿತ್ತು. ಅದರ ಹೆಸರು ಆರ್ಕೂಚಿಯೊ, ಎಂದರೆ ಚಿಕ್ಕ ಕಮಾನು. ತಲೆಯ ಕಡೆ ಹಲಗೆ, ಮೇಲೆ ಕಮಾನು, ಪಕ್ಕದಲ್ಲಿ ತಾಯಿ ಮಲಗಿದಂತೆಯೇ ಹಾಲೂಡಿಸಲು ಕೊರೆದ ಜಾಗ. ತಾಯಿಯೋ ದಾದಿಯೋ ನಿದ್ರೆಯಲ್ಲಿ ಹೊರಳಿದರೂ ಭಾರ ಮರದ ಮೇಲೆ ಬೀಳುತ್ತಿತ್ತೇ ಹೊರತು ಕೂಸಿನ ಮೇಲಲ್ಲ. ಆ ನಗರದ ದಾದಿಯರು ಇದನ್ನು ಬಳಸದಿದ್ದರೆ ಧರ್ಮಸಭೆಯಿಂದ ಬಹಿಷ್ಕಾರದ ಶಿಕ್ಷೆಯಿತ್ತು ಎಂದು 1732ರ ಸುಮಾರಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಗಿದೆ. ಬಹಿಷ್ಕಾರ ಬಹಳ ಕಠಿಣವಾಯಿತು ಎನಿಸಬಹುದು, ನನಗೂ ಹಾಗೆಯೇ ಅನಿಸುತ್ತದೆ. ಆದರೆ ಕೂಸು ಮಲಗುವ ಜಾಗವನ್ನು ಧರ್ಮಸಭೆ ಕ್ಷುಲ್ಲಕ ವಿಷಯವೆಂದು ಎಣಿಸಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಬೆನ್ನ ಮೇಲೆ, ಸಮತಟ್ಟಾಗಿ

ಕೂಸನ್ನು ಪ್ರತಿ ನಿದ್ರೆಗೂ ಅಂಗಾತ, ಅಂದರೆ ಬೆನ್ನ ಮೇಲೆ ಮಲಗಿಸಬೇಕು. ಬೋರಲಾಗಿ ಅಲ್ಲ, ಮಗ್ಗುಲಾಗಿಯೂ ಅಲ್ಲ. ಮಗ್ಗುಲಲ್ಲಿ ಮಲಗಿಸಿದ ಕೂಸು ಸುಲಭವಾಗಿ ಬೋರಲಾಗುತ್ತದೆ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಈ ಒಂದು ಮಾತನ್ನು ಮನೆಮನೆಗೆ ಮುಟ್ಟಿಸಿದ ಮೇಲೆ, ಆರೋಗ್ಯವಾಗಿದ್ದ ಕೂಸುಗಳು ಕಾರಣವಿಲ್ಲದೆ ನಿದ್ರೆಯಲ್ಲೇ ಸಾಯುವ ಪ್ರಕರಣಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಔಷಧವಿಲ್ಲ, ಖರ್ಚಿಲ್ಲ, ಮಲಗಿಸುವ ಭಂಗಿ ಬದಲಾಯಿತು ಅಷ್ಟೇ.

"ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಗಂಟಲಿನಲ್ಲಿ ಎರಡು ಕೊಳವೆಗಳಿವೆ. ಮುಂದೆ ಉಸಿರಿನದು, ಹಿಂದೆ ಅನ್ನದ್ದು. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಕ್ಕೂ ಅನ್ನದ ಕೊಳವೆ ಕೆಳಕ್ಕೂ ಬರುತ್ತದೆ. ಕಕ್ಕಿದ ಹಾಲು ಏರಿ ಉಸಿರಿನ ಕೊಳವೆಗೆ ಹೋಗುವುದು ಕಷ್ಟ. ಬೋರಲಾದಾಗಲೇ ಅದು ಕೆಳಗಿರುವ ಉಸಿರಿನ ಕೊಳವೆಯ ಬಾಯಿಗೆ ಇಳಿಯುವ ಸಂಭವ ಹೆಚ್ಚು. ಹಾಲೂಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗು ತರಿಸುವ ಅಜ್ಜಿಯ ಪದ್ಧತಿಯನ್ನು ಮಾತ್ರ ಬಿಡಬೇಡಿರಿ.

ಹಾಸು ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಅಂಗೈಯಿಂದ ಒತ್ತಿ ತೆಗೆದಾಗ ಕುಳಿ ಉಳಿಯಬಾರದು. ನುಲಿಯ ಅಥವಾ ನವಾರದ ಹೊರಸು ನಡುವೆ ಜೋತುಬಿದ್ದಿರುತ್ತದೆ. ಅದರಲ್ಲಿ ತಾಯಿ ಮತ್ತು ಕೂಸು ಇಬ್ಬರೂ ನಡುವಿನ ಕುಳಿಗೆ ಜಾರುತ್ತಾರೆ. ಹೊರಸು ಒಂದೇ ಇರುವ ಮನೆಯಲ್ಲಿ ತಾಯಿ ಹೊರಸಿನ ಮೇಲೆ ಮಲಗಿ, ಕೂಸಿಗೆ ಪಕ್ಕದಲ್ಲೇ ಅಗಲವಾದ ಗಟ್ಟಿ ಹಲಗೆಯ ಮಂಚವನ್ನೋ ಅಂಚಿರುವ ಮರದ ಪೆಟ್ಟಿಗೆಯನ್ನೋ ಹೊಂದಿಸಬಹುದು.

ಇಲ್ಲಿ ನಮ್ಮ ಕೌದಿಯ ಬಗ್ಗೆ ಒಂದು ಮಾತು. ಹಳೆಯ ಸೀರೆಗಳನ್ನು ಪದರು ಪದರಾಗಿ ಸೇರಿಸಿ ಅಜ್ಜಿ ಹೊಲಿದ ಕೌದಿ ಕೂಸಿನ ಕೆಳಗೆ ಬಹಳ ಒಳ್ಳೆಯದು. ತೆಳುವಾಗಿ, ಬಿಗಿಯಾಗಿ ಇರುತ್ತದೆ, ಮುಖ ಹುದುಗುವುದಿಲ್ಲ, ಒಗೆದು ಬಿಸಿಲಿಗೆ ಹಾಕಲೂ ಸುಲಭ. ಅದೇ ಕೌದಿ ಕೂಸಿನ ಮೇಲೆ ಬಿದ್ದರೆ ಅಪಾಯ. ಅದರ ಭಾರವನ್ನು ಸರಿಸುವ ಶಕ್ತಿ ಎಳೆಯ ಕೈಗಳಿಗಿಲ್ಲ. ಕೆಳಗೆ ಕೌದಿ, ಮೇಲೆ ಎದೆಯವರೆಗೆ ಮಾತ್ರ ತೆಳುವಾದ ಹೊದಿಕೆ. ದಿಂಬು ಬೇಡ, ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬೂ ಬೇಡ. ಸುತ್ತ ತುರುಕುವ ಬಟ್ಟೆಯ ಉಂಡೆಗಳೂ ಬೇಡ. ತಲೆಯ ಆಕಾರ ಹಗಲಿನಲ್ಲಿ ಎತ್ತಿಕೊಂಡಾಗ, ಮಲಗಿಸುವ ದಿಕ್ಕು ಬದಲಿಸಿದಾಗ ತಾನಾಗಿಯೇ ಸರಿಹೋಗುತ್ತದೆ.

ತೊಟ್ಟಿಲು ಒಳ್ಳೆಯದೇ? ಜೋಳಿಗೆ?

ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳ ಹೆಸರು ಕೇಳದವರಿಲ್ಲ. ಅರಗಿನ ಬಣ್ಣ, ಚಿತ್ರಗಳು, ಒಂದು ಮನೆಯಲ್ಲಿ ತಂದದ್ದು ಬೀಗರು ನೆಂಟರ ಮನೆಗಳಿಗೆಲ್ಲ ಸುತ್ತಿ ಬರುತ್ತದೆ. ಮರದ ತಳವಿರುವ ಇಂಥ ತೊಟ್ಟಿಲು ತೂಗದೆ ನಿಂತಾಗ ಮಟ್ಟಸವಾಗಿದ್ದರೆ, ಕೂಸು ಒಂದು ಕಡೆಗೆ ಜಾರದಿದ್ದರೆ, ಒಳ್ಳೆಯ ಜಾಗವೇ. ಹಗ್ಗ, ಸರಪಳಿ, ಕೊಂಡಿಗಳನ್ನು ಮಾತ್ರ ಪ್ರತಿ ಸಲ ಗಂಡಸರಾರಾದರೂ ಜೋತುಬಿದ್ದು ಎಳೆದು ನೋಡಬೇಕು. ಹಳೆಯ ಮಾಳಿಗೆ ಮನೆಯ ಜಂತಿಗೆ ಗೆದ್ದಲು ಹತ್ತಿದ್ದು ಹೊರಗೆ ಕಾಣುವುದಿಲ್ಲ. ಕೂಸು ಬೋರಲು ಬೀಳಲು ಅಥವಾ ಕೈಯೂರಿ ಏಳಲು ಕಲಿತ ದಿನವೇ ತೊಟ್ಟಿಲಿಗೆ ರಜೆ.

ಸೀರೆಯ ಜೋಳಿಗೆಯ ಮಾತು ಬೇರೆ. ಗದ್ದೆ ತೋಟದಲ್ಲಿ ದ್ರಾಕ್ಷಿಯ ಕೆಲಸಕ್ಕೆ ಹೋದ ತಾಯಿ ಗಿಡದ ಕೊಂಬೆಗೆ ಜೋಳಿಗೆ ಕಟ್ಟುತ್ತಾಳೆ, ನೆಲದ ಹಾವು ಚೇಳಿನಿಂದ ಕೂಸನ್ನು ಕಾಯಲು ಅವಳಿಗೆ ಬೇರೆ ದಾರಿಯೂ ಇರುವುದಿಲ್ಲ. ಅವಳನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ಜೋಳಿಗೆಯಲ್ಲಿ ಕೂಸಿನ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಗದ್ದ ಎದೆಗೆ ತಾಗುತ್ತದೆ. ಎಳೆಗೂಸಿನ ತಲೆ ಭಾರ, ಕುತ್ತಿಗೆ ಮೆತ್ತಗೆ, ಉಸಿರಿನ ಕೊಳವೆ ಇನ್ನೂ ಸಣ್ಣದು. ಗದ್ದ ಕೆಳಗಾದರೆ ಆ ಕೊಳವೆ ಮಡಿಚಿಕೊಳ್ಳುತ್ತದೆ. ಅಳುವ ಶಬ್ದವೂ ಬರುವುದಿಲ್ಲ, ಕೂಸು ಚೆನ್ನಾಗಿ ಮಲಗಿದೆ ಎಂದೇ ತಿಳಿಯುತ್ತೇವೆ. ಆದ್ದರಿಂದ ಜೋಳಿಗೆ ಕಣ್ಣೆದುರಿಗಿನ ಸ್ವಲ್ಪ ಹೊತ್ತಿಗೆ ಮಾತ್ರ. ರಾತ್ರಿಯ ನಿದ್ರೆಗೆ ಬೇಡ. ಒಳಗೆ ಒಂದು ಹಲಗೆ ಇಟ್ಟು ತಳ ಮಟ್ಟ ಮಾಡಿದರೆ ಸ್ವಲ್ಪ ವಾಸಿ. ಕೂಸನ್ನು ಎತ್ತಿದ ಮೇಲೆ ಜೋಳಿಗೆಯನ್ನು ಬಿಚ್ಚಿ ಮಡಿಚಿಡಿರಿ. ದೊಡ್ಡ ಮಕ್ಕಳು ಅದರಲ್ಲಿ ತಿರುಗಿ ತಿರುಗಿ ಆಡುವಾಗ ಸೀರೆ ಕೊರಳಿಗೆ ಸುತ್ತಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ.

ಈಗ ಸಿದ್ಧೇಶ್ವರ ಗುಡಿಯ ಸುತ್ತಲಿನ ಪೇಟೆಯಿಂದ ಹಿಡಿದು ಮೊಬೈಲಿನವರೆಗೆ ಎಲ್ಲೆಡೆ ಮಂಚಕ್ಕೆ ಹತ್ತಿಸುವ ಕೂಸಿನ ಹಾಸಿಗೆಗಳು ಸಿಗುತ್ತವೆ. ಕೊಳ್ಳುವವರು ಬೆಲೆಗಿಂತ ಮೊದಲು ಸಂದುಗಳನ್ನು ನೋಡಬೇಕು. ತಾಯಿಯ ಗಾದಿಗೂ ಕೂಸಿನ ಹಾಸಿಗೆಗೂ ನಡುವೆ ಸಂದು ಇರಕೂಡದು, ಎರಡೂ ಭದ್ರವಾಗಿ ಬಿಗಿದಿರಬೇಕು. ಸರಳುಗಳ ನಡುವಿನ ಅಂತರ 6 ಸೆಂ.ಮೀ. ಮೀರಬಾರದು. ತಂಪು ಪಾನೀಯದ ಡಬ್ಬಿ ತೂರುವಷ್ಟಿದ್ದರೆ ಕೂಸಿನ ಮೈಯೂ ತೂರುತ್ತದೆ. ಇಳಿಜಾರಾದ ಕುರ್ಚಿಯಂಥ ಹಾಸಿಗೆಗಳನ್ನು ನಿದ್ರೆಗೆ ಕೊಳ್ಳಲೇಬೇಡಿರಿ. ಅಮೆರಿಕದಲ್ಲಿ 2022ರ ಕಾನೂನೊಂದು ಅವುಗಳ ಮಾರಾಟವನ್ನೇ ನಿಷೇಧಿಸಿತು, ತೊಟ್ಟಿಲಿನ ಅಂಚಿಗೆ ಕಟ್ಟುವ ಮೆತ್ತೆಗಳನ್ನೂ ಕೂಡ.

ದುಡ್ಡಿಲ್ಲದವರಿಗೆ ದಾರಿಯಿಲ್ಲವೆಂದಲ್ಲ. ಫಿನ್ಲೆಂಡ್ ದೇಶದಲ್ಲಿ 1938ರಿಂದ ಸರ್ಕಾರವೇ ಬಾಣಂತಿಯರಿಗೆ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆ ಕೊಡುತ್ತಾ ಬಂದಿದೆ. ಖಾಲಿಯಾದ ಪೆಟ್ಟಿಗೆಯ ತಳದಲ್ಲಿ ಪುಟ್ಟ ಹಾಸಿಗೆ ಹಾಸಿ ಎಷ್ಟೋ ಕೂಸುಗಳು ಅದರಲ್ಲೇ ಮಲಗಿ ಬೆಳೆದವು. ನ್ಯೂಜಿಲೆಂಡಿನ ಮಾವೋರಿ ಜನರು ನಮ್ಮಂತೆಯೇ ಕೂಸನ್ನು ಬಗಲಲ್ಲಿ ಮಲಗಿಸಿಕೊಳ್ಳುವವರು. ಅಲ್ಲಿ 2006ರ ಸುಮಾರಿಗೆ, ಆ ಪದ್ಧತಿಯನ್ನು ಬೈಯುವ ಬದಲು ನಾರಿನಿಂದ ಹೆಣೆದ ಚಪ್ಪಟೆ ತಳದ ಬುಟ್ಟಿಯನ್ನು ತಾಯಿಯ ಹಾಸಿಗೆಯ ಮೇಲೆಯೇ ಇಡುವ ಕ್ರಮ ತಂದರು. ನಮ್ಮಲ್ಲಿಯೂ ಮೇದಾರರು ಹೆಣೆದ ಅಗಲವಾದ, ಗಟ್ಟಿ ಅಂಚಿನ ಬಿದಿರ ಬುಟ್ಟಿಗೆ ಮಡಿಚಿದ ಕೌದಿ ಹಾಸಿದರೆ ಸಾಕು. ಸಿಬಿರು ಚುಚ್ಚದಂತೆ ಕೈಯಾಡಿಸಿ ನೋಡಿರಿ.

ಕೆಂಡ, ಕುಲಾವಿ, ಬಿಸಿಲು

ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿ ತುಂಬುತ್ತದೆ. ತಾಯಿ ಕೂಸು ಇಬ್ಬರಿಗೂ ಎಚ್ಚರವೇ ಆಗುವುದಿಲ್ಲ. ಮೈ ಕಾಯಿಸಲೇಬೇಕಾದರೆ ಕಿಟಕಿ ಬಾಗಿಲು ತೆರೆದು, ಎಲ್ಲರೂ ಎಚ್ಚರವಿದ್ದಾಗ ಕಾಯಿಸಿ, ಮಲಗುವ ಮೊದಲು ಕೆಂಡವನ್ನು ಹೊರಗಿಡಬೇಕು. ಲೋಬಾನದ ಹೊಗೆಗೂ ಬೀಡಿಯ ಹೊಗೆಗೂ ಇದೇ ಮಾತು. ಕೂಸಿರುವ ಮನೆಯಲ್ಲಿ ಬೀಡಿ ಸೇದುವವರು ಅಂಗಳಕ್ಕೆ ಹೋಗಲಿ, ಅಜ್ಜನಾದರೂ ಸರಿ.

ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಪತ್ರಾಸಿನ ಮನೆಯೊಳಗೆ ಇನ್ನೂ ಹೆಚ್ಚು. ಅಂಥ ದಿನವೂ ಕೂಸಿಗೆ ಕುಲಾವಿ ಕಟ್ಟಿ, ಕಾಲುಚೀಲ ಹಾಕಿ, ಕಂಬಳಿಯಲ್ಲಿ ಸುತ್ತುವುದನ್ನು ಕಾಣುತ್ತೇವೆ. ಕೂಸು ಹೆಚ್ಚಿನ ಕಾವನ್ನು ತಲೆಯಿಂದಲೇ ಹೊರಹಾಕಬೇಕು. ಕತ್ತಿನ ಹಿಂಭಾಗ ಮುಟ್ಟಿ ನೋಡಿರಿ, ಬೆವರಿದ್ದರೆ ಒಂದು ಬಟ್ಟೆ ಕಡಿಮೆ ಮಾಡಿರಿ. ಸಂಕ್ರಾಂತಿಯ ಜಾತ್ರೆಯ ದಿನಗಳ ಚಳಿಯಲ್ಲಿ, ಅದರಲ್ಲೂ ತೂಕ ಕಡಿಮೆಯ ಕೂಸಿಗೆ, ಕುಲಾವಿ ಬೇಕಾಗಬಹುದು. ಅದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿರಿ. ತೋಟದ ಮನೆಯವರಿಗೆ ಇನ್ನೊಂದು ಮಾತು. ದ್ರಾಕ್ಷಿಗೆ ಹೊಡೆಯುವ ಎಣ್ಣೆಯ ಡಬ್ಬಿಗಳು, ಹೊಡೆದು ಬಂದ ಬಟ್ಟೆಗಳು ಕೂಸಿನ ಕೋಣೆಯಲ್ಲಿ ಇರಲೇಬಾರದು.

ಭಕ್ತಿಯಿಂದ ಕೂಸಿನ ಕೊರಳಿಗೆ ಪದಕದ ದಾರವನ್ನೋ ತೊಟ್ಟಿಲಿಗೆ ಜಪಮಾಲೆಯನ್ನೋ ಕಟ್ಟುವವರಿದ್ದಾರೆ. ದಾರ ಕೊರಳಿಗೆ ಬಿಗಿಯಬಹುದು. ಆ ಜಪಮಾಲೆಯನ್ನು ಗೋಡೆಯ ಮೇಲಿನ ಮಾತೆ ಮರಿಯಮ್ಮನವರ ಚಿತ್ರಕ್ಕೆ ಹಾಕಿರಿ. ಅವರೂ ತಮ್ಮ ಕಂದನನ್ನು ಬಟ್ಟೆಯಲ್ಲಿ ಸುತ್ತಿ ತಮ್ಮ ಹತ್ತಿರವೇ ಗೋದಲಿ ಎಂಬ ಬೇರೊಂದು ಜಾಗದಲ್ಲಿ ಮಲಗಿಸಿದವರು. ಸಂತ ಲೂಕರು ವೈದ್ಯಸಲಹೆ ಕೊಡಲು ಅದನ್ನು ಬರೆದದ್ದಲ್ಲ, ಹುಲ್ಲಿನ ಹಾಸಿಗೆಯನ್ನು ನಾವು ಅನುಕರಿಸಬೇಕಾಗಿಯೂ ಇಲ್ಲ.

ಹಾಲೂಡಿಸುತ್ತಾ ನಿದ್ದೆ ಬಂದರೆ

ಬರುತ್ತದೆ. ಯಾವ ತಾಯಿಗೂ ಬರುತ್ತದೆ. ರಾತ್ರಿ ನಿದ್ದೆಗಣ್ಣಿನಲ್ಲಿ ಸೋಫಾದ ಮೇಲೆ ಅಥವಾ ಒರಗುಕುರ್ಚಿಯಲ್ಲಿ ಕುಳಿತು ಹಾಲೂಡಿಸುವುದು ಎಲ್ಲಕ್ಕಿಂತ ಅಪಾಯ, ಕೂಸು ಮೂಲೆಯ ಸಂದಿಗೆ ಜಾರುತ್ತದೆ. ಅದಕ್ಕಿಂತ ನೆಲದ ಮೇಲಿನ ಗಟ್ಟಿ ಹಾಸಿಗೆ ಮೇಲು. ಎಚ್ಚರವಾದ ಕೂಡಲೇ ಕೂಸನ್ನು ಅದರ ಜಾಗಕ್ಕೆ ಇಡಿರಿ. ಕುಡಿದ ಗಂಡಸು, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡವರು, ತಂಬಾಕಿನವರು, ಚಿಕ್ಕ ಮಕ್ಕಳು ಕೂಸಿನ ಪಕ್ಕದಲ್ಲಿ ಎಂದಿಗೂ ಮಲಗಕೂಡದು. ತಿಂಗಳು ತುಂಬದೆ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಈ ಎಚ್ಚರಿಕೆ ಎರಡು ಪಟ್ಟು. ಅಂಥ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಕಟ್ಟಿಕೊಳ್ಳುವ ಕಾಂಗರೂ ಆರೈಕೆ ಬಹಳ ಒಳ್ಳೆಯದು. ಬೆಂಗಳೂರಿನ ನಮ್ಮ ಸಂತ ಜಾನರ ವೈದ್ಯಕೀಯ ಸಂಸ್ಥೆಯವರು ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಬೆಳೆಸಲು ದುಡಿದಿದ್ದಾರೆ. ಆದರೆ ಅದನ್ನು ಆಸ್ಪತ್ರೆಯಲ್ಲಿ ಕಲಿತು, ಕೂಸಿನ ಮುಖ ಕಾಣುವಂತೆ, ಒರಗಿ ಕುಳಿತು, ಪಕ್ಕದಲ್ಲಿ ಇನ್ನೊಬ್ಬರು ಎಚ್ಚರವಿದ್ದು ಮಾಡಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿ ಹೀಗೆ ಕೂಸು ಕಳೆದುಕೊಂಡ ತಾಯಂದಿರು ಇರಬಹುದು. ಬಾಲಗ್ರಹವೆಂದೋ ದೃಷ್ಟಿಯೆಂದೋ ಊರು ಹೇಳಿದ್ದನ್ನು ಕೇಳಿ ಸುಮ್ಮನಿದ್ದವರು. ಈ ಲೇಖನ ಓದಿ ಅವರ ಕಡೆ ಬೆರಳು ತೋರಿಸಬೇಡಿರಿ. ಎಲ್ಲವನ್ನೂ ಸರಿಯಾಗಿ ಮಾಡಿದ ಮನೆಯಲ್ಲೂ ಕೆಲವೊಮ್ಮೆ ಹೀಗಾಗುತ್ತದೆ. ಸೊಲೊಮೋನನೂ ಆ ಹೆಂಗಸಿನ ನಿದ್ರೆಯನ್ನು ವಿಚಾರಿಸಲಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟು ಕಳಿಸಬೇಡಿರಿ. ಒಳಕೋಣೆಗೆ ಕರೆದು ಕೂಸು ಮಲಗುವ ಜಾಗ ತೋರಿಸಿ, "ಇದು ಸರಿ ಐತೇನ್ರಿ ಅಕ್ಕಾರ?" ಎಂದು ಕೇಳಿರಿ.