ಯಡೂರಿನ ದಂಡೆಯಲ್ಲಿ ಜಮೀನು ಕೊಳ್ಳುವ ಮುನ್ನ ಒಂದು ಮಳೆಗಾಲ ಕಾಯಿರಿ

ಪುಣೆ, ಮುಂಬೈ, ಬೆಂಗಳೂರುಗಳಲ್ಲಿ ನೌಕರಿ ಮುಗಿಸಿದವರಿಗೆ ಕೃಷ್ಣೆಯ ದಂಡೆಯಲ್ಲಿ ಎರಡು ಎಕರೆ ಹೊಲ, ಅದರಲ್ಲೊಂದು ಮನೆ ಮಾಡಿಕೊಳ್ಳುವ ಆಸೆ ಹುಟ್ಟುವುದು ಸಹಜ. ವೀರಭದ್ರೇಶ್ವರನ ದರ್ಶನಕ್ಕೆಂದು ಯಡೂರಿಗೆ ಬರುತ್ತಾರೆ, ಹೊಳೆಯಲ್ಲಿ ಕಾಲು ತೊಳೆಯುತ್ತಾರೆ, ಆಳೆತ್ತರದ ಕಬ್ಬು ನೋಡುತ್ತಾರೆ. ಸಂಜೆಯೊಳಗೆ ಯಾರೋ ಒಬ್ಬ ದಲ್ಲಾಳಿ ಸಿಕ್ಕಿರುತ್ತಾನೆ. ಇದೆಲ್ಲ ನಡೆಯುವುದು ಸಾಮಾನ್ಯವಾಗಿ ಡಿಸೆಂಬರ್–ಜನವರಿಯಲ್ಲಿ. ಆ ತಿಂಗಳುಗಳಲ್ಲಿ ಈ ಭಾಗದ ಯಾವ ಹೊಲವೂ ಚಂದವೇ. ದಲ್ಲಾಳಿಗೂ ಅದು ಗೊತ್ತು.

ಹೊಲ ಯಾರದು ಎನ್ನುವುದನ್ನು ಕಾಗದ ಹೇಳುತ್ತದೆ. ಅದು ಎಂಥ ಹೊಲ ಎಂದು ತಿಳಿಯಬೇಕಾದರೆ ಮಳೆಗಾಲ, ಬೇಸಿಗೆ, ಕಬ್ಬಿನ ಹಂಗಾಮು ಮೂರನ್ನೂ ನೋಡಬೇಕು. ಸಾಧ್ಯವಿದ್ದರೆ ಅಂಕಲಿಯಲ್ಲೋ ಚಿಕ್ಕೋಡಿಯಲ್ಲೋ ಒಂದು ವರ್ಷ ಬಾಡಿಗೆ ಮನೆ ಹಿಡಿಯಿರಿ. ಎಕರೆಗೆ ಕೊಡುವ ಹಣದ ಮುಂದೆ ಆ ಬಾಡಿಗೆ ಏನೂ ಅಲ್ಲ.

ನಿಮಗೆ ಕೊಳ್ಳಲು ಬರುತ್ತದೆಯೇ?

ಮೊದಲು ಕೃಷಿಕರಲ್ಲದವರು, ಹೆಚ್ಚು ಆದಾಯವಿದ್ದವರು ಕರ್ನಾಟಕದಲ್ಲಿ ಹೊಲ ಕೊಳ್ಳುವಂತಿರಲಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿದ ಮೇಲೆ ಆ ಅಡ್ಡಿ ಹೋಯಿತು. ಆದರೆ ಹೊಳೆ ಗುಂಟ ಸ್ವಲ್ಪ ಮೇಲಕ್ಕೆ ಹೋದರೆ ಶಿರೋಳ ತಾಲ್ಲೂಕು, ಮಹಾರಾಷ್ಟ್ರ. ಅಲ್ಲಿ ಕೃಷಿಕರಲ್ಲದವರು ಹೊಲ ಕೊಳ್ಳಲು ಈಗಲೂ ಸರ್ಕಾರದ ಅನುಮತಿ ಬೇಕು. ಅಲ್ಲಿನ ಖಿದ್ರಾಪುರದ ಕೋಪೇಶ್ವರನ ಎದುರಿಗಿಲ್ಲದ ನಂದಿ ಯಡೂರಿನಲ್ಲಿದೆ ಎಂದು ಈ ಭಾಗದ ಜನ ನಂಬುತ್ತಾರೆ. ದೇವರಿಗೆ ಗಡಿ ಇಲ್ಲದಿದ್ದರೂ ಉತಾರಕ್ಕೆ (ಪಹಣಿಗೆ) ಇದೆ. ದಲ್ಲಾಳಿ ತೋರಿಸಿದ ಹೊಲ ಯಾವ ರಾಜ್ಯದ ಶಿವಾರದಲ್ಲಿದೆ ಎಂಬುದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ.

ವಿದೇಶದಲ್ಲಿ ನೆಲೆಸಿದವರಿಗೆ ಇನ್ನೊಂದು ಮಾತು. ಅನಿವಾಸಿ ಭಾರತೀಯರು ಮತ್ತು ಒಸಿಐ ಕಾರ್ಡು ಹೊಂದಿದವರು ಇಲ್ಲಿ ಮನೆ, ಅಂಗಡಿ ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪನ ಹೊಲ ವಾರಸಾದಿಂದ ಬಂದರೆ ಇಟ್ಟುಕೊಳ್ಳಬಹುದು. ಥಾಯ್ಲೆಂಡಿನಲ್ಲಿ ಹೊರದೇಶದವರಿಗೆ ನೆಲ ಕೊಡುವುದಿಲ್ಲವಂತೆ ಎಂದು ಬೆರಗುಪಡುವ ನಮ್ಮವರಿಗೆ ತಮ್ಮ ಊರಿನ ಹೊಲಕ್ಕೂ ಇಂಥದೇ ನಿಯಮವಿರುವುದು ಎಷ್ಟೋ ಸಲ ಗೊತ್ತಿರುವುದಿಲ್ಲ. ಊರಿನ ಅಣ್ಣತಮ್ಮಂದಿರ ಹೆಸರಲ್ಲಿ ಖರೀದಿ ಮಾಡಿ ತಾವು ಹಣ ಕೊಡುವ ದಾರಿ ಹಿಡಿಯಬೇಡಿ. ಅದು ಬೇನಾಮಿ ಕಾಯ್ದೆಯ ತೊಡಕು. ಮನೆತನದ ಜಗಳಕ್ಕೂ ಅದೇ ದಾರಿ.

ಹೊಳೆಯ ಲೆಕ್ಕ

ಯಡೂರಿನ ಮೇಲೆ ಬಿಸಿಲು ಕಾಯುತ್ತಿರುವಾಗಲೇ ಹೊಳೆಗೆ ಮಹಾಪೂರ ಬರುತ್ತದೆ. ಇಲ್ಲಿನ ಮಳೆ ಅಷ್ಟಕ್ಕಷ್ಟೆ. ಹೊಳೆ ತುಂಬುವುದು ಮಹಾಬಳೇಶ್ವರ, ಕೊಯ್ನಾ ಕಡೆಯ ಮಳೆಗೆ. ರಾಜಾಪುರ ಬ್ಯಾರೇಜಿನಿಂದ ಇಳಿದ ಕೃಷ್ಣೆಯ ನೀರಿಗೆ ದೂಧಗಂಗೆಯ ನೀರು ಸೇರಿ ಕಲ್ಲೋಳದ ಹತ್ತಿರ ಒಟ್ಟು ಹರಿವು ಆಗುತ್ತದೆ. ಮಳೆಗಾಲದುದ್ದಕ್ಕೂ ಪತ್ರಿಕೆಗಳಲ್ಲಿ ಈ ಮೂರು ಅಂಕಿ ಕ್ಯೂಸೆಕ್ ಲೆಕ್ಕದಲ್ಲಿ ಬರುತ್ತವೆ. ಕಲ್ಲೋಳ–ಯಡೂರು ಬ್ಯಾರೇಜು ಹೆಚ್ಚುಕಡಿಮೆ ಪ್ರತಿವರ್ಷ ಮೊದಲಿಗೆ ಮುಳುಗುವ ಸೇತುವೆಗಳ ಸಾಲಿನಲ್ಲಿರುತ್ತದೆ.

ಮಾಡಬೇಕಾದದ್ದು ಇಷ್ಟು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ವಹಿಯಲ್ಲಿ ಕಲ್ಲೋಳದ ಅಂಕಿ ಬರೆದಿಡಿ. ನೀವು ನೋಡಿದ ಹೊಲದ ಬಾಂದಿಗೆ ನೀರು ಬಂದದ್ದು ಯಾವ ಅಂಕಿಗೆ, ದಾರಿ ಕಡಿದದ್ದು ಯಾವ ಅಂಕಿಗೆ ಎಂದು ಪಕ್ಕದಲ್ಲೇ ಬರೆಯಿರಿ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ನಿಮ್ಮ ಕೈಯಲ್ಲಿ ಇರುವ ಮಾಹಿತಿ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಎಲ್ಲ ಮಳೆಗಾಲ ಒಂದೇ ಥರ ಇರುವುದಿಲ್ಲವಾದ್ದರಿಂದ 2005, 2019, 2021ರ ಮಹಾಪೂರಗಳ ಬಗ್ಗೆ ಊರವರನ್ನೇ ಕೇಳಬೇಕು. ಕೇಳುವ ರೀತಿಯೂ ಮುಖ್ಯ. "ಇಲ್ಲಿ ಹೊಳಿ ಬರತೈತೇನ್ರಿ?" ಎಂದರೆ ಮಾರುವವರು "ಏ ಇಲ್ರಿ, ಇಲ್ಲೀ ಮಟ ಬರೂದುಲ್ಲ" ಎನ್ನುತ್ತಾರೆ. ಅದರ ಬದಲು ಪಕ್ಕದ ಹೊಲದ ಹಿರಿಯರನ್ನು "ಕಾಕಾ, ಹತ್ತೊಂಬತ್ತರಾಗ ದನಾ ಎಲ್ಲಿಗೆ ಹೊಡಕೊಂಡು ಹೋಗಿದ್ರಿ?" ಎಂದು ಕೇಳಿ. ಎಲ್ಲಿಂದ ಹೊಡೆದರು, ಯಾವ ರಾತ್ರಿ ಹೊಡೆದರು, ಮೇವಿನ ಬಣವಿ ಏನಾಯಿತು ಎಲ್ಲ ತಾನಾಗಿ ಬರುತ್ತದೆ.

ಮನೆ ಕೊಳ್ಳುವುದಾದರೆ ಗೋಡೆಯನ್ನೇ ಓದಿ. ಕೆಳಗಿನ ಭಾಗದ ಗಿಲಾವು ಹೊಸದು, ಮೇಲಿನದು ಹಳೆಯದು ಆಗಿದ್ದರೆ ಎರಡೂ ಕೂಡುವ ಗೆರೆಯ ಎತ್ತರ ಅಳೆದುಕೊಳ್ಳಿ. ಹಳೆಯ ಸ್ವಿಚ್ ಬೋರ್ಡಿನ ಒಳಗೆ ಒಣ ರೇವೆ ಕೂತಿದೆಯೇ, ಬಾಗಿಲ ಚೌಕಟ್ಟು ಬುಡದಲ್ಲಿ ಉಬ್ಬಿದೆಯೇ ನೋಡಿ. 2019ರಲ್ಲಿ ಹಾಳಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಪಟ್ಟಿ ಮಾಡಿದ್ದರು; ಪೂರ್ತಿ ಬಿದ್ದವಕ್ಕೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ನಿಮಗೆ ತೋರಿಸಿದ ಮನೆ ಆ ಪಟ್ಟಿಯಲ್ಲಿತ್ತೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಬಹುದು.

ಬೇಸಿಗೆ ಮತ್ತು ಪಾಳಿ

ಆಗಸ್ಟಿನಲ್ಲಿ ಊರು ನುಂಗಲು ಬಂದ ಹೊಳೆ ಮೇ ತಿಂಗಳಲ್ಲಿ ಮಡುಗಳಾಗಿ ನಿಂತಿರುತ್ತದೆ. ಕುಡಿಯುವ ನೀರಿಗಾಗಿ ಕೊಯ್ನಾದಿಂದ ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳಿದ ಬೇಸಿಗೆಗಳು ಹಲವು. ಆದ್ದರಿಂದ "ನದಿ ದಂಡಿ ಹೊಲ, ನೀರಿಗೇನು ಕಡಿಮಿ" ಎಂಬ ಮಾತನ್ನು ಮೇ ತಿಂಗಳಲ್ಲಿ ಹೋಗಿ ಪರೀಕ್ಷಿಸಿ.

ನೀರು ಇದ್ದರೂ ಅದು ನಿಮ್ಮ ಹೊಲಕ್ಕೆ ಬರುವ ದಾರಿ ಯಾವುದು? ಹೊಳೆಯ ಜಾಕ್‌ವೆಲ್‌ನಿಂದ ಪೈಪ್‌ಲೈನು ನಾಲ್ಕಾರು ಜನರ ಹೊಲ ದಾಟಿ ಬಂದಿರುತ್ತದೆ. ಮೋಟಾರು ಯಾರ ಹೆಸರಲ್ಲಿದೆ, ಪಾಲು ಎಷ್ಟು, ಪಾಳಿ ಯಾವ ದಿನ, ಇವೆಲ್ಲ ಬಾಯಿಮಾತಿನ ಒಪ್ಪಂದಗಳು. ತ್ರೀಫೇಸ್ ವಿದ್ಯುತ್ತು ದಿನಕ್ಕೆ 7 ತಾಸು ಎಂದಾದಾಗ ಆರು ಪಾಲುದಾರರಲ್ಲಿ ನಿಮ್ಮ ಪಾಲಿಗೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ. ಹೊಲದ ಜೊತೆ ಪೈಪ್‌ಲೈನಿನ ಪಾಲು, ನೀರಿನ ಪಾಳಿ, ಮೀಟರಿನ ಆರ್.ಆರ್. ನಂಬರು ಎಲ್ಲವನ್ನೂ ಖರೀದಿ ಪತ್ರದಲ್ಲೇ ಬರೆಸಿ. ಬರೆಸದಿದ್ದರೆ ಮುಂದಿನ ಬೇಸಿಗೆಯಲ್ಲಿ ಹಳೆಯ ಪಾಲುದಾರರು "ನಮ್ಮ ಮಾತು ಆಗಿದ್ದು ಅವರ ಜೋಡಿ, ನಿಮ್ಮ ಜೋಡಿ ಅಲ್ಲ" ಎನ್ನುತ್ತಾರೆ.

ಮಣ್ಣು

ಹಸಿರು ಕಬ್ಬು ಕಂಡು ಮಣ್ಣು ಒಳ್ಳೆಯದು ಎಂದುಕೊಳ್ಳಬೇಡಿ. ವರ್ಷಗಟ್ಟಲೆ ಹರಿನೀರು ಬಿಟ್ಟ ಯರಿ ಹೊಲಗಳು ಸವಳು-ಜವಳು ಹಿಡಿದಿವೆ. ಫೆಬ್ರುವರಿ–ಮಾರ್ಚಿನಲ್ಲಿ ಹೋಗಿ: ಬೋದಿನ ಮೇಲೆ ಬಿಳಿ ಉಪ್ಪು ಕಟ್ಟಿದೆಯೇ, ಕಬ್ಬು ಅಲ್ಲಲ್ಲಿ ದ್ವೀಪದಂತೆ ಗಿಡ್ಡಾಗಿದೆಯೇ ನೋಡಿ. ಸೊಂಟದಾಳ ಒಂದು ಗುಂಡಿ ತೋಡಿಸಿ ಮರುದಿನ ನೋಡಿ. ನೀರು ಒಸರಿ ನಿಂತಿದ್ದರೆ ಅದು ಜವಳು. ಮೇಲ್ಮಣ್ಣು, ಒಂದಡಿ, ಎರಡಡಿ ಆಳದ ಮಣ್ಣನ್ನು ಬೇರೆಬೇರೆ ಚೀಲದಲ್ಲಿ ಹಾಕಿ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಪರೀಕ್ಷೆಗೆ ಕೊಡಿ. ರಸಸಾರ 8.5 ದಾಟಿದ್ದರೆ, ಲವಣಾಂಶ ತೋರಿಸುವ ಇ.ಸಿ. 4 ದಾಟಿದ್ದರೆ ನೆಲದಡಿ ಬಸಿಗಾಲುವೆ ಪೈಪು ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಇಟ್ಟಂಗಿ ಭಟ್ಟಿಗೆ ಮೇಲ್ಮಣ್ಣು ಮಾರಿದ ಹೊಲವೂ ಇದ್ದೀತು. ಅಕ್ಕಪಕ್ಕದ ಹೊಲಕ್ಕಿಂತ ಅದು ಎರಡಡಿ ಕೆಳಗಿರುತ್ತದೆ. ನೀರು ಮೊದಲು ಬರುವುದು ಅಲ್ಲಿಗೇ, ಕಡೆಗೆ ಹೋಗುವುದೂ ಅಲ್ಲಿಂದಲೇ.

ಕಾಗದ

ಉತಾರದ 9ನೇ ಕಾಲಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಬೋಜಾ ಇರುತ್ತದೆ. ಸೊಸೈಟಿಯ ಸಾಲ, ಬ್ಯಾಂಕಿನ ಸಾಲ, ಕೋರ್ಟಿನ ತಡೆ ಇಲ್ಲೇ ಕಾಣಬೇಕು. 10ರಲ್ಲಿರುವ ಡೈರಿ ನಂಬರು ಹಿಡಿದು ಹಿಂದಕ್ಕೆ ಹೋಗುತ್ತಾ ಈ ಹೊಲ ಖರೀದಿಯಿಂದ ಬಂತೋ, ವಾಟಣಿಯಿಂದಲೋ, ವಾರಸಾದಿಂದಲೋ ಕಂಡುಕೊಳ್ಳಿ. ಹಳೆಯ ಕಾಗದ ಮರಾಠಿಯಲ್ಲಿದ್ದರೆ, ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರ ಮುಂದೆ ಇಡಿ. ವತನ ರದ್ದಾದ ಮೇಲೆ ಮರಳಿ ಮಂಜೂರಾದ ಹೊಲ, ದೇವಸ್ಥಾನದ ಇನಾಂ ಹೊಲ, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಹೊಲ — ಇವುಗಳಿಗೆ ಬೇರೆಯೇ ಶರತ್ತುಗಳಿವೆ. ಅದರಲ್ಲೂ ಪರಿಶಿಷ್ಟರ ಜಮೀನಿನ 1978ರ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ, ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು ಮಾಡಿದೆ.

ಎಷ್ಟೋ ಖರೀದಿಗಳು ಕೋರ್ಟು ಹತ್ತುವುದು ಹೆಣ್ಣುಮಕ್ಕಳ ಸಹಿ ಇಲ್ಲದ್ದಕ್ಕೆ. ಉತಾರದಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇದ್ದರೂ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು. ಸುಪ್ರೀಂ ಕೋರ್ಟು 2020ರಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ಮಿರಜಕ್ಕೋ ಜಮಖಂಡಿಗೋ ಕೊಟ್ಟ ಅಕ್ಕ ಒಬ್ಬಳಿದ್ದರೆ ಅವಳೂ ಬಂದು ಸಹಿ ಮಾಡಲಿ. "ಅಕ್ಕ ಏನೂ ಅನ್ನಂಗಿಲ್ರಿ" ಎಂಬ ಭರವಸೆಗೆ ಸಂಚಕಾರ ಕೊಡಬೇಡಿ. ವಂಶಾವಳಿ ತರಿಸಿ.

ಊರೊಳಗಿನ ಮನೆ, ಪ್ಲಾಟುಗಳಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ನೋಡಿ. 11ಬಿ ಎಂದಿದ್ದರೆ ಕಾರಣ ತಿಳಿಯದೆ ಮುಂದುವರಿಯಬೇಡಿ. ಹೊಲದ ನಡುವೆ ಗುಂಟೆ ಲೆಕ್ಕದಲ್ಲಿ ಪ್ಲಾಟು ತೋರಿಸಿ "ಎನ್.ಎ. ಆಮ್ಯಾಲೆ ಆಗತೈತಿ" ಎನ್ನುವವರಿಂದ ದೂರ ಇರಿ.

ದಾರಿಯ ವಿಷಯ ಎಷ್ಟೋ ಜನ ಮರೆಯುತ್ತಾರೆ. ಈಗ ಟ್ರ್ಯಾಕ್ಟರು ಹೋಗುತ್ತಿರುವ ದಾರಿ ನಕ್ಷೆಯಲ್ಲಿದೆಯೇ, ಅಥವಾ ಪಕ್ಕದವರು ಸಲಿಗೆಯಿಂದ ಬಿಟ್ಟದ್ದೇ? ಮೊಬೈಲಿನ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ನೋಡಿದರೆ ಅಂದಾಜು ಸಿಗುತ್ತದೆ. ಗಟ್ಟಿ ಮಾಡಿಕೊಳ್ಳಲು ಮೋಜಣಿ ಆಗಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಇಲ್ಲದೆ ನೋಂದಣಿಯೇ ಆಗದು. ಮೋಜಣಿಯ ದಿನ ನಾಲ್ಕೂ ಬಾಂದಿನವರು ಹಾಜರಿರುವಂತೆ ನೋಡಿಕೊಳ್ಳಿ. ತಕರಾರು ಇದ್ದವರು ಅಂದೇ ಬಾಯಿ ಬಿಡುತ್ತಾರೆ.

ಖರೀದಿ ಆದ ಮೇಲೆ

ಚಿಕ್ಕೋಡಿಯ ಉಪನೋಂದಣಿ ಕಚೇರಿಯಲ್ಲಿ ಸಹಿ ಆಯಿತೆಂದು ಊರಿಗೆ ಮರಳಬೇಡಿ. ಡೈರಿ ಆಗಿ ನಿಮ್ಮ ಹೆಸರು ಉತಾರಕ್ಕೆ ಏರುವವರೆಗೆ ಭೂಮಿ ತಾಣದಲ್ಲಿ ನೋಡುತ್ತಿರಿ. ಈ ನಡುವೆ ಯಾರಾದರೂ ತಕರಾರು ಅರ್ಜಿ ಕೊಟ್ಟರೆ ತಲಾಟಿಯಿಂದ ತಿಳಿಯುತ್ತದೆ. ಹೆಸ್ಕಾಂನಲ್ಲಿ ಮೀಟರು ನಿಮ್ಮ ಹೆಸರಿಗೆ ಮಾಡಿಸಿ. ಹೊಲದಲ್ಲಿ ಕಬ್ಬು ನಿಂತಿದ್ದರೆ ಆ ಬೆಳೆ ಯಾರದು, ಯಾರ ಹೆಸರಲ್ಲಿ ಕಾರ್ಖಾನೆಗೆ ನೋಂದಾಗಿದೆ ಎಂದು ಬರವಣಿಗೆಯಲ್ಲಿರಲಿ. ಮಾರಿದವರ ಸಹಕಾರಿ ಕಾರ್ಖಾನೆಯ ಷೇರು ಹೊಲದ ಜೊತೆ ತಾನಾಗಿ ಬರುವುದಿಲ್ಲ. ಅದಕ್ಕೆ ಬೇರೆ ಅರ್ಜಿ. ಅದು ಆಗದಿದ್ದರೆ ಹಂಗಾಮಿನಲ್ಲಿ ಗ್ಯಾಂಗಿನವರು ಪಕ್ಕದ ಹೊಲ ಕಡಿದು ಹೋಗುತ್ತಾರೆ, ನಿಮ್ಮ ಕಬ್ಬು ಸೂಲಂಗಿ ಬಂದು ನಿಂತಿರುತ್ತದೆ.