ಬಳ್ಳಾರಿಗೆ ಹೋಗಿ, ಕವಿತೆ ಬರೆಯಬೇಡಿ

ಪ್ರಶ್ನೆ: ನನಗೆ 36 ವರ್ಷ. ಊರಿನಲ್ಲಿ ಟೈಲರಿಂಗ್ ಮಾಡುತ್ತೇನೆ. ಬಿಡುವಾದಾಗ ಕಥೆ ಬರೆಯುತ್ತೇನೆ. ಒಂದೂ ಅಚ್ಚಾಗಿಲ್ಲ, ಎಲ್ಲಿಗೂ ಕಳಿಸಿಯೂ ಇಲ್ಲ. ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅಷ್ಟು ಹತ್ತಿರವಿದ್ದೂ ಹೋಗುವ ಧೈರ್ಯವಾಗಲಿಲ್ಲ. ಬಳ್ಳಾರಿಯ ಸಮ್ಮೇಳನಕ್ಕಾದರೂ ಹೋಗಬೇಕೆಂಬ ಆಸೆ. ಮೇಷ್ಟ್ರಾಗಿರುವ ನಮ್ಮ ಭಾವ, ‘ಅಲ್ಲಿಗೆ ಬರೋರೆಲ್ಲ ಓಓಡಿ ರಜೆಗೆ, ಊಟಕ್ಕೆ ಬರೋರು. ವೇದಿಕೆ ಹತ್ತಬೇಕಾದ್ರೆ ಒಂದು ಕವನ ಬರ್ಕೊಂಡು ಯಾರನ್ನಾದ್ರೂ ಹಿಡಿ’ ಅನ್ನುತ್ತಾರೆ. ಅತ್ತೆ, ‘ಜಾತ್ರೆ ನೋಡೋ ಆಸೆ ಇದ್ರೆ ನಂಜನಗೂಡಲ್ಲೇ ದೊಡ್ಡ ಜಾತ್ರೆ ಇಲ್ವಾ’ ಅಂತಾರೆ. ನನ್ನ ಮಾತು ಹಳ್ಳಿಯದು. ಅಷ್ಟು ದೊಡ್ಡವರ ನಡುವೆ ಹೋಗಿ ನಾನೇನು ಮಾಡಲಿ?
– ಹೆಸರು ಬೇಡ, ಚಿಕ್ಕಯ್ಯನಛತ್ರ

ಉತ್ತರ: ಹೋಗಿ ಬನ್ನಿ ತಾಯಿ.

ನಿಮ್ಮ ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಓಓಡಿಗೆ ಬೇಕಾದ ಹಾಜರಾತಿ ಪತ್ರ ಕೊಡುವ ಕೌಂಟರಿನ ಮುಂದೆ ಗೋಷ್ಠಿಗಿಂತ ಹೆಚ್ಚು ಜನ ಸೇರುವುದುಂಟು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರಾಗಿದ್ದರು, ಊರೂರಲ್ಲಿ ಚರ್ಚೆಯಾದದ್ದು ಮಾತ್ರ ಬಾಡೂಟ ಬೇಕೋ ಬೇಡವೋ ಎಂಬುದು. (ಮಂಡ್ಯದಲ್ಲಿ ಬಾಡು ಕೇಳಿದ್ದು ಅಪರಾಧವೆಂದು ನನಗಂತೂ ಅನ್ನಿಸಲಿಲ್ಲ.) ಕವಿಗೋಷ್ಠಿಗೆ ಹೆಸರು ಸೇರುವುದು ಆಹ್ವಾನದಿಂದ, ಆ ಪಟ್ಟಿಯ ಬಗ್ಗೆ ಗೊಣಗಾಟವೂ ತಪ್ಪಿದ್ದಲ್ಲ. ಆದರೆ ನೀವು ಬರೆಯುವುದು ಕಥೆ. ಎರಡು ನಿಮಿಷದ ಮೈಕಿಗಾಗಿ ಕವಿಯಾಗಿಬಿಟ್ಟರೆ ಕಥೆಯೂ ಹೋಯಿತು, ಕವಿತೆಯೂ ಬರಲಿಲ್ಲ.

ಅತ್ತೆಯವರ ಮಾತನ್ನು ನಾನು ಒಪ್ಪುತ್ತೇನೆ. ಇದು ಜಾತ್ರೆಯೇ. ಜಾತ್ರೆಗೆ ಹೋದವರೆಲ್ಲ ತೇರಿನ ಹಗ್ಗ ಹಿಡಿಯಲೇಬೇಕೆಂದಿಲ್ಲವಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಮೊದಲ ಸಮ್ಮೇಳನ ನಡೆದಾಗ ಸೇರಿದವರು ಬಹುಮಟ್ಟಿಗೆ ವಿದ್ವಾಂಸರು. ಈಗ ಪೆಂಡಾಲಿನಲ್ಲಿ ಯಾರು ಬೇಕಾದರೂ ಹೋಗಿ ಕೂರಬಹುದು. ವಸತಿ ಬೇಕಾದವರು ಮುಂಚೆಯೇ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬೇಕು, ಅಷ್ಟೇ. ಹೆಂಗಸು ಅಲ್ಲಿ ಏನು ಮಾಡಬೇಕು ಎಂಬ ಅಳುಕಿದ್ದರೆ ಒಂದು ಸಂಗತಿ ಹೇಳುತ್ತೇನೆ. 1974ರಲ್ಲಿ ಇದೇ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆ ಅಧ್ಯಕ್ಷರಾಗುವ ತನಕ ಒಬ್ಬ ಹೆಣ್ಣುಮಗಳೂ ಆ ಪೀಠದಲ್ಲಿ ಕೂತಿರಲಿಲ್ಲ. ಬಳ್ಳಾರಿಯ 88ನೇ ಸಮ್ಮೇಳನಕ್ಕೆ ಆಯ್ಕೆಯಾದವರು ಬಾನು ಮುಷ್ತಾಕ್, ನಿಮ್ಮ ಹಾಗೆ ಕಥೆ ಬರೆಯುವವರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಅವರ ಕಥೆಗಳಿಗೇ.

‘ನನ್ನ ಮಾತು ಹಳ್ಳಿಯದು’ ಎಂದಿರಿ. ನಂಜನಗೂಡು ತಾಲ್ಲೂಕಿನವರಾಗಿ ಈ ಮಾತು ಆಡಬಾರದಿತ್ತು. ದೇವನೂರು ನಿಮ್ಮದೇ ತಾಲ್ಲೂಕು. ಆ ಸೀಮೆಯ ಆಡುಮಾತಿನಲ್ಲೇ ಬರೆದ ‘ಕುಸುಮಬಾಲೆ’ಗೆ ದೇವನೂರು ಮಹಾದೇವ ಅವರು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. 2015ರ ಶ್ರವಣಬೆಳಗೊಳ ಸಮ್ಮೇಳನದ ಅಧ್ಯಕ್ಷತೆ ತಾನಾಗಿ ಬಂದಾಗ ಬೇಡವೆಂದರು; ಮೊದಲು ಕನ್ನಡ ಮಾಧ್ಯಮದ ಶಿಕ್ಷಣ ಬರಲಿ ಎಂಬುದು ಅವರ ಪಟ್ಟು. ಅದರಿಂದ ಅವರ ಬರಹದ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ನೀವು ವೇದಿಕೆ ಹತ್ತದಿದ್ದರೂ ಹಾಗೆಯೇ.

ನಿಮ್ಮ ಕಾಗದ ಓದಿದಾಗ ನನಗೆ ಅನ್ನಿಸಿದ್ದು ಬೇರೆ. ‘ನೀನು ಕಥೆಗಾರ್ತಿ’ ಎಂದು ಯಾರಾದರೂ ದೊಡ್ಡವರು ಹೇಳಲಿ ಎಂದು ನೀವು ಕಾಯುತ್ತಿದ್ದೀರಿ. ಸಮ್ಮೇಳನದ ನೂಕುನುಗ್ಗಲಿನಲ್ಲಿ ಅದನ್ನು ಹೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಆದ್ದರಿಂದ ಹಸ್ತಪ್ರತಿ ಮನೆಯಲ್ಲಿರಲಿ. ಸೆಲ್ಫಿಗೆ ನಿಂತ ಸಾಹಿತಿಯ ಕೈಗೆ ನೋಟ್‌ಬುಕ್ ತುರುಕಿದರೆ ಅದು ಅವರ ಚೀಲದಲ್ಲೇ ಉಳಿಯುತ್ತದೆ. ‘ಇಷ್ಟು ಹಣ ಕೊಡಿ, ಸಂಕಲನದಲ್ಲಿ ನಿಮ್ಮ ಕಥೆ ಹಾಕುತ್ತೇವೆ, ಪ್ರಶಸ್ತಿಯನ್ನೂ ಕೊಡುತ್ತೇವೆ’ ಎನ್ನುವವರು ಅಲ್ಲಿ ಸಿಕ್ಕರೆ ಕೈಮುಗಿದು ಮುಂದೆ ನಡೆಯಿರಿ.

ಮತ್ತೆ ಮಾಡುವುದೇನು? ಮೊದಲ ದಿನ ಮೆರವಣಿಗೆ, ಉದ್ಘಾಟನೆ, ಮಂತ್ರಿಗಳ ಭಾಷಣ. ಕೊನೆಯ ದಿನ ನಿರ್ಣಯ, ಸಮಾರೋಪ. ನಡುವಿನ ದಿನವನ್ನು ಬಿಡಬೇಡಿ. ಸಮಾನಾಂತರ ವೇದಿಕೆಯಲ್ಲಿ ಕಥೆಯ ಬಗ್ಗೆ ಗೋಷ್ಠಿಯಿದ್ದರೆ ಮುಂದಿನ ಸಾಲಿನಲ್ಲೇ ಕೂತು ಕೇಳಿ. ಉಳಿದ ಹೊತ್ತು ಪೂರ್ತಿ ಪುಸ್ತಕ ಮಳಿಗೆಗೆ. ಊರ ಅಂಗಡಿಯಲ್ಲಿ ಸಿಗದ ಕಥಾಸಂಕಲನಗಳೆಲ್ಲ ಅಲ್ಲಿ ರಿಯಾಯಿತಿಯಲ್ಲಿ ಸಿಗುತ್ತವೆ. ಕನ್ನಡ ಪುಸ್ತಕ ಪ್ರಾಧಿಕಾರದ ಮಳಿಗೆ ಕಂಡರೆ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ನಿಯಮ, ವಯಸ್ಸಿನ ಮಿತಿ ಕೇಳಿಕೊಳ್ಳಿ.

ಒಬ್ಬರೇ ಹೋಗುವುದು ಕಷ್ಟವೆಂದರೆ ಅತ್ತೆಯನ್ನೇ ಕರೆದುಕೊಂಡು ಹೋಗಿ. ನಂಜನಗೂಡಿನಿಂದ ಮೈಸೂರು, ಅಲ್ಲಿಂದ ಸಂಜೆಯ ಹಂಪಿ ಎಕ್ಸ್‌ಪ್ರೆಸ್ ನೇರ ಬಳ್ಳಾರಿಗೆ. ಬರುವಾಗ ವಿರೂಪಾಕ್ಷನ ದರ್ಶನವೂ ಆಗಲಿ. ಜಾತ್ರೆಯ ತಕರಾರು ಅಲ್ಲಿಗೆ ಮುಗಿಯಿತು.

ರೈಲಿನ ಟಿಕೆಟ್ ತೆಗೆಯುವ ಮುಂಚೆ ಮಾತ್ರ ಒಂದು ಕೆಲಸ ಮಾಡಿ. ಬರೆದದ್ದರಲ್ಲಿ ಒಂದು ಕಥೆಯನ್ನು ತಿದ್ದಿ, ನಕಲು ಇಟ್ಟುಕೊಂಡು, ‘ಮಯೂರ’ ಪತ್ರಿಕೆಗೋ ‘ತುಷಾರ’ಕ್ಕೋ ಕಳಿಸಿ.