ಔಷಧ ಕೊಡುವ ಕೈ

ಕೀಲುವಾತದಿಂದ ನರಳುವವರಿಗೆ ವೈದ್ಯರು ಕೆಲವೊಮ್ಮೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಬರೆದುಕೊಡುತ್ತಾರೆ. ಅದನ್ನು ವಾರಕ್ಕೆ ಒಂದು ದಿನ ಮಾತ್ರ ಸೇವಿಸಬೇಕು. ತಿಳಿಯದೆ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ ಒದಗಬಹುದು. ವೈದ್ಯರು ಬರೆದ ಚೀಟಿ ಸರಿಯಾಗಿಯೇ ಇರಬಹುದು. ಆದರೆ ಮಾತ್ರೆಯನ್ನು ಕೈಗಿಡುವವನು ಈ ಒಂದು ಮಾತನ್ನು ತಿಳಿಸಿ ಹೇಳದಿದ್ದರೆ, ರೋಗಿಯ ಪಾಲಿಗೆ ಔಷಧವೇ ವಿಷವಾದೀತು. ವೈದ್ಯನಿಗೂ ರೋಗಿಗೂ ನಡುವೆ ನಿಂತು ಈ ಹೊಣೆಯನ್ನು ಹೊರುವವನೇ ಫಾರ್ಮಸಿಸ್ಟ್, ಅಂದರೆ ಔಷಧ ವಿತರಕ. ಈ ವೃತ್ತಿಯನ್ನು ಸೇರಬಯಸುವ ವಿದ್ಯಾರ್ಥಿಯು ತಾನು ಕಲಿಯುವ ಸಂಸ್ಥೆಯನ್ನು ಎಚ್ಚರದಿಂದ ಆರಿಸಿಕೊಳ್ಳಬೇಕಾದುದು ಈ ಕಾರಣದಿಂದಲೇ.

ಒಂದು ಕಾಲದಲ್ಲಿ ಈ ಶಿಕ್ಷಣಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಕಟ್ಟುಪಾಡು ಇರಲಿಲ್ಲ. ಅನೇಕ ಕಡೆ ವೈದ್ಯರ ಬಳಿ ಇದ್ದು, ನೋಡಿ ಕಲಿತ ಕಾಂಪೌಂಡರುಗಳೇ ಔಷಧಗಳನ್ನು ಬೆರಸಿ ಸೀಸೆಗಳಲ್ಲಿ ತುಂಬಿಕೊಡುತ್ತಿದ್ದರು. 1930ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಔಷಧ ವಿಚಾರಣಾ ಸಮಿತಿಯು ಈ ಸ್ಥಿತಿಯನ್ನು ಪರಿಶೀಲಿಸಿತು. 1932ರಲ್ಲಿ ಮಹಾದೇವಲಾಲ್ ಶ್ರಾಫ್ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಬೋಧನೆಗೆ ನಾಂದಿ ಹಾಡಿದರು. ಸ್ವಾತಂತ್ರ್ಯಾನಂತರ, 1948ರಲ್ಲಿ, ಫಾರ್ಮಸಿ ಕಾಯಿದೆಯು ಜಾರಿಗೆ ಬಂದಿತು. ಅದರ ಅನ್ವಯ ರಚಿತವಾದ ಭಾರತೀಯ ಫಾರ್ಮಸಿ ಪರಿಷತ್ತು ಶಿಕ್ಷಣದ ಮಟ್ಟವನ್ನು ನಿರ್ಧರಿಸುತ್ತದೆ.

ಈ ವೃತ್ತಿಗೆ ಅತ್ಯಂತ ಹತ್ತಿರದ ದಾರಿಯೆಂದರೆ ಡಿಪ್ಲೊಮಾ. ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳೊಡನೆ ಜೀವಶಾಸ್ತ್ರವನ್ನಾಗಲಿ ಗಣಿತವನ್ನಾಗಲಿ ಓದಿ ತೇರ್ಗಡೆಯಾದವರು ಇದಕ್ಕೆ ಅರ್ಹರು. ಎರಡು ವರ್ಷಗಳ ವ್ಯಾಸಂಗದ ಬಳಿಕ, ಮೂರು ತಿಂಗಳಿಗೆ ಕಡಮೆಯಿಲ್ಲದ ಅವಧಿಯಲ್ಲಿ, 500 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಪಡೆಯಬೇಕು. ಇದರಲ್ಲಿ ಕನಿಷ್ಠ 250 ಗಂಟೆಗಳು ಚೀಟಿಗಳನ್ನು ಓದಿ ಔಷಧ ವಿತರಿಸುವುದಕ್ಕೇ ಮೀಸಲು.

ಸಂಸ್ಥೆಯನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಅಲ್ಲಿನ ಶಿಕ್ಷಣಕ್ಕೆ ಪರಿಷತ್ತಿನ ಅನುಮೋದನೆ ಇದೆಯೇ? ಕಟ್ಟಡದ ಸೊಬಗಾಗಲಿ ಜಾಹೀರಾತಿನ ಆಡಂಬರವಾಗಲಿ ಇದಕ್ಕೆ ಉತ್ತರವಲ್ಲ. ಅನುಮೋದಿತ ಸಂಸ್ಥೆಗಳ ಪಟ್ಟಿಯನ್ನು ಪರಿಷತ್ತೇ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಅದನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಮನೆಯಲ್ಲೇ ಕುಳಿತು ದೂರಶಿಕ್ಷಣದಿಂದ ಪಡೆದ ಡಿಪ್ಲೊಮಾವನ್ನು ಪರಿಷತ್ತು ಮಾನ್ಯ ಮಾಡುವುದಿಲ್ಲ. ಅನುಮೋದನೆಯಿಲ್ಲದ ಕಡೆ ಓದಿದವನ ಹೆಸರು ರಾಜ್ಯದ ಫಾರ್ಮಸಿಸ್ಟರ ದಾಖಲೆಪುಸ್ತಕಕ್ಕೆ ಸೇರಲಾರದು. ನೋಂದಣಿಯಿಲ್ಲದವನು ವೈದ್ಯರ ಚೀಟಿಗೆ ಔಷಧ ವಿತರಿಸುವುದು ಕಾನೂನಿನ ಪ್ರಕಾರ ಅಪರಾಧ. ಆಗ ವರ್ಷಗಳ ಶ್ರಮವೂ ತಂದೆತಾಯಿಗಳು ಸಾಲ ಮಾಡಿ ತೆತ್ತ ಶುಲ್ಕವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತದೆ.

ಎರಡನೆಯದಾಗಿ, ಅಲ್ಲಿ ಕಲಿಕೆ ನಿಜವಾಗಿಯೂ ನಡೆಯುತ್ತದೆಯೇ ಎಂಬುದನ್ನು ನೋಡಬೇಕು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳೇ ತೂಗಿ, ಅಳೆದು, ಬೆರಸಿ ಕಲಿಯುತ್ತಾರೆಯೇ? ತರಬೇತಿಯನ್ನು ಯಾವ ಆಸ್ಪತ್ರೆಯಲ್ಲಿ ಕೊಡಿಸುತ್ತಾರೆ? ಹಾಜರಾತಿ ಪುಸ್ತಕದಲ್ಲಿ ಗುರುತು ಹಾಕಿದರೆ ಗಂಟೆಗಳು ತುಂಬಬಹುದು; ವಿದ್ಯೆ ತುಂಬುವುದಿಲ್ಲ. ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಏಕೆ ಕಾಪಾಡಬೇಕು, ಮಗುವಿಗೆ ಕೊಡುವ ಪ್ರಮಾಣವನ್ನು ಅದರ ತೂಕಕ್ಕೆ ಹೇಗೆ ಹೊಂದಿಸಬೇಕು ಎಂಬುದನ್ನು ಕೈಯಾರೆ ಮಾಡಿ ಕಲಿತವನು ಮರೆಯುವುದಿಲ್ಲ. ಇಂತಹ ಸಂಗತಿಗಳನ್ನು ಅದೇ ಸಂಸ್ಥೆಯಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಿಂದ ಕೇಳಿ ತಿಳಿಯುವುದು ಲೇಸು.

ಮೂರನೆಯದಾಗಿ, ಮುಂದಿನ ದಾರಿಯನ್ನೂ ಯೋಚಿಸಬೇಕು. 2022ರ ನಿಯಮಗಳು ಡಿಪ್ಲೊಮಾ ಪಡೆದವರಿಗೆ ನೋಂದಣಿಗೆ ಮುನ್ನ ನಿರ್ಗಮನ ಪರೀಕ್ಷೆಯೊಂದನ್ನು ವಿಧಿಸಿವೆ. ಹೆಚ್ಚಿನ ವ್ಯಾಸಂಗವನ್ನು ಬಯಸುವವರು ನಾಲ್ಕು ವರ್ಷಗಳ ಬಿ.ಫಾರ್ಮ್. ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಆದುದರಿಂದ ಡಿಪ್ಲೊಮಾ ಎಂಬುದು ಕೊನೆಯ ಮೆಟ್ಟಿಲಲ್ಲ.

ಔಷಧದ ಅಂಗಡಿಗೆ ಬರುವವರಲ್ಲಿ ಚೀಟಿಯನ್ನು ಓದಲಾರದವರೂ ಇರುತ್ತಾರೆ. ಕೊಟ್ಟುದನ್ನು ಅವರು ನಂಬಿ ನುಂಗುತ್ತಾರೆ. ಆ ನಂಬಿಕೆಗೆ ತಕ್ಕ ಅರಿವನ್ನು ನೀಡುವ ಶಿಕ್ಷಣವೇ ಆರಿಸಿಕೊಳ್ಳಲು ಯೋಗ್ಯವಾದ ಶಿಕ್ಷಣ.